ಗಡಿಗೆಯ ಮೇಲೊಂದು ಬಿಳಿ ಗೆರೆ

ಚಿತ್ರದುರ್ಗದ ಕೋಟೆ ನೋಡಲು ಬಂದವರು ಓಬವ್ವನ ಕಿಂಡಿ ಹೊಕ್ಕು, ಏಕನಾಥೇಶ್ವರಿಗೆ ಕೈಮುಗಿದು, ಹೊತ್ತು ಮಿಕ್ಕರೆ ಚಂದ್ರವಳ್ಳಿಗೂ ಹೋಗುತ್ತಾರೆ. ಅಂಕಲಿ ಮಠದ ಕತ್ತಲೆಯಲ್ಲಿ ತಡಕಾಡಿ, ಕೆರೆ ದಂಡೆಯಲ್ಲಿ ಫೋಟೊ ತೆಗೆಸಿಕೊಂಡು ಊಟದ ಹೊತ್ತಿಗೆ ಬಸ್ಸು ಹತ್ತುತ್ತಾರೆ. ತಾವು ನಿಂತಿದ್ದು ಎರಡು ಸಾವಿರ ವರ್ಷದ ಹಿಂದಿನ ಒಂದು ಪೇಟೆಯ ನೆತ್ತಿಯ ಮೇಲೆ ಎಂಬುದು ಅವರಲ್ಲಿ ಅನೇಕರಿಗೆ ಗೊತ್ತೇ ಆಗುವುದಿಲ್ಲ. ಆ ಪೇಟೆಯಿಂದ ಉಳಿದು ಬಂದದ್ದರಲ್ಲಿ ಹೆಚ್ಚಿನ ಪಾಲು ಬೋಕಿ. ಒಡೆದ ಮಡಕೆಯ ಚೂರು. ಹುಡುಗರು ಕುಂಟೆಬಿಲ್ಲೆ ಆಡಲು ಆರಿಸಿಕೊಳ್ಳುತ್ತಾರಲ್ಲ, ಅದೇ.

ಅದರಲ್ಲಿ ಒಂದು ಬಗೆಯ ಬೋಕಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೈಮೇಲೆ ಕಾವಿಗೂ ಕಂದಿಗೂ ನಡುವಣ ಒಂದು ಲೇಪ. ಅದರ ಅಡಿಯಿಂದ ಇಣುಕುವ ಮಾಸಿದ ಬಿಳಿ ಗೆರೆಗಳು. ಕೆಲವು ನೆಟ್ಟಗೆ ಓಡುತ್ತವೆ, ಕೆಲವು ಸ್ವಲ್ಪ ಬಾಗುತ್ತವೆ, ಒಂದನ್ನೊಂದು ಅಡ್ಡ ಹಾಯುತ್ತವೆ. ಹೂವಿಲ್ಲ, ಹಕ್ಕಿಯಿಲ್ಲ. ಯಾರೋ ಬೆರಳನ್ನೋ ಕಡ್ಡಿಯನ್ನೋ ಬಿಳಿ ಮಣ್ಣಿನಲ್ಲಿ ಅದ್ದಿ ಸರಸರನೆ ಎಳೆದದ್ದು ಎಂದು ನೋಡಿದೊಡನೆ ತಿಳಿಯುತ್ತದೆ. ಆ ಗೆರೆಯಿಂದ ನೀರು ಹೆಚ್ಚು ಹಿಡಿಯುವುದಿಲ್ಲ, ಅನ್ನ ಬೇಗ ಬೇಯುವುದಿಲ್ಲ. ಮಡಕೆಯ ಕೆಲಸಕ್ಕೆ ಅದು ಬೇಕೇ ಇರಲಿಲ್ಲ. ಬೇಡದಿದ್ದರೂ ಎಳೆದರು. ಕುಂಬಾರರ ಸಂಘ-ಸಂಸ್ಥೆಗಳಲ್ಲಿ ಕಲೆಗೆ ಎಲ್ಲಿ ಜಾಗ ಕೊಟ್ಟರು ಎಂದು ಕೇಳುವವರು ಈ ಬೇಡದ ಗೆರೆಯಿಂದಲೇ ಶುರು ಮಾಡಬೇಕು.

ಚಂದ್ರವಳ್ಳಿಯ ಮಣ್ಣನ್ನು ಮೊದಲು ಗಂಭೀರವಾಗಿ ಕೆದಕಿದವರು ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್, 1909ರ ಸುಮಾರಿಗೆ. ಆಮೇಲೆ 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಬಂದರು. ಶಾತವಾಹನರ ಸೀಸದ ನಾಣ್ಯಗಳು, ರೋಮಿನ ಬೆಳ್ಳಿ ನಾಣ್ಯಗಳು, ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ, ಇವೆಲ್ಲ ಲೋಕಕ್ಕೆ ತಿಳಿದದ್ದು ಹೀಗೆ. ನಾಣ್ಯ ಮತ್ತು ಶಾಸನಕ್ಕೆ ಸಿಕ್ಕ ಮರ್ಯಾದೆ ಬೋಕಿಗೆ ಸಿಗಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು. 1947ರಲ್ಲಿ, ದೇಶ ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತಿದ್ದಾಗ, ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಚಂದ್ರವಳ್ಳಿಯಲ್ಲೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಅಗೆತ ನಡೆಸಿದರು. ಬ್ರಹ್ಮಗಿರಿಯಲ್ಲಿ ಅದಕ್ಕೆ ಮುಂಚೆಯೇ ಕೃಷ್ಣ ಅಗೆದಿದ್ದರು.

ವೀಲರ್‌ಗೆ ಬೇಕಿದ್ದದ್ದು ತಾರೀಖು. ದಕ್ಷಿಣ ಭಾರತದ ಪ್ರಾಚೀನ ಪದರಗಳಿಗೆ ಆಗ ಗಟ್ಟಿಯಾದ ಇಸವಿ ಇರಲಿಲ್ಲ. ಅವರು ಹಿಡಿದ ದಾರಿ ಸೊಗಸಾದದ್ದು. ಇಟಲಿಯ ಅರೆಝ್ಜೊ ಎಂಬ ಊರಿನ ಕುಂಬಾರರು ಕೆಂಪು ಹೊಳಪಿನ ತಟ್ಟೆಗಳನ್ನು ಮಾಡಿ, ತಳದಲ್ಲಿ ತಮ್ಮ ಕುಲುಮೆಯ ಹೆಸರಿನ ಮುದ್ರೆ ಒತ್ತುತ್ತಿದ್ದರು. ಆ ತಟ್ಟೆಗಳ ಕಾಲ ಯುರೋಪಿನಲ್ಲಿ ಖಚಿತವಾಗಿ ಗೊತ್ತಿತ್ತು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅಂಥ ಚೂರುಗಳು ಸಿಕ್ಕವು, ಅವುಗಳ ಜೊತೆಯಲ್ಲೇ ಒಳತಳದಲ್ಲಿ ಸಾಲು ಸಾಲು ಚುಕ್ಕಿ ಸುತ್ತಿದ ಇನ್ನೊಂದು ನಯವಾದ ತಟ್ಟೆಯೂ ಸಿಕ್ಕಿತು. ಆ ಚುಕ್ಕಿ ತಟ್ಟೆಯೇ ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ನಮ್ಮ ಬಿಳಿ ಗೆರೆಯ ಮಡಕೆಯ ಒಡನಾಡಿಯಾಗಿ ಹೊರಬಂತು. ಅರೆಝ್ಜೊದಿಂದ ಅರಿಕಮೇಡು, ಅರಿಕಮೇಡಿನಿಂದ ದುರ್ಗ. ಹೀಗೆ ಕೈ ಕೈ ಹಿಡಿದು ಕ್ರಿಸ್ತಶಕ ಒಂದನೇ ಶತಮಾನದಿಂದ ಮೂರನೇ ಶತಮಾನದವರೆಗಿನ ಕಾಲ ನಮ್ಮ ನೆಲಕ್ಕೆ ಬಂತು.

ಇಲ್ಲಿ ಒಂದು ತಮಾಷೆ ಇದೆ. ಇಡೀ ಲೆಕ್ಕ ನಿಂತದ್ದು ಮಡಕೆಗೆ ಬೇಡವಾಗಿದ್ದ ಸಂಗತಿಗಳ ಮೇಲೆ: ಒಂದು ಮುದ್ರೆ, ಒಂದು ಚುಕ್ಕಿಸಾಲು, ಒಂದು ಬಿಳಿ ಗೆರೆ. ಬರಿಯ ಒರಟು ಗಡಿಗೆ ಎಲ್ಲ ಕಾಲದಲ್ಲೂ ಒಂದೇ ಥರ, ಅದು ಯಾರ ವಯಸ್ಸನ್ನೂ ಹೇಳುವುದಿಲ್ಲ. ಪದರಗಳು ಬಾಯಿಬಿಟ್ಟದ್ದು ಅಲಂಕಾರದ ಬಾಯಿಂದ.

ಆದರೆ ಅರೆಝ್ಜೊದವನು ಹೆಸರು ಬಿಟ್ಟುಹೋದ, ನಮ್ಮವನು ಬಿಡಲಿಲ್ಲ. ಈ ಸೀಮೆಯಲ್ಲಿ ಹೆಸರು ಬರೆಯುವ ರೂಢಿಯೇ ಇರಲಿಲ್ಲ ಎನ್ನುವಂತೆಯೂ ಇಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಬರೆದ ಚಪಡ, ಸಾಮ್ರಾಟನ ಮಾತು ಮುಗಿದ ಮೇಲೆ ತನ್ನ ಹೆಸರನ್ನೂ ಕೊರೆದ. ‘ಲಿಪಿಕಾರ’ ಎಂಬ ತನ್ನ ವೃತ್ತಿಯನ್ನು ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ತುಸು ಜಂಬದಿಂದಲೇ ಬರೆದ. ಅಕ್ಷರದವನಿಗೆ ಸಹಿ ಇತ್ತು. ಅದೇ ಬೆಟ್ಟದ ಬುಡದಲ್ಲಿ ಮಡಕೆ ತಟ್ಟಿದವನಿಗೆ ಇರಲಿಲ್ಲ. ಕಲ್ಗೋರಿಗಳಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳ ಮೇಲೆ ಸುಟ್ಟ ನಂತರ ಗೀಚಿದ ಗುರುತುಗಳುಂಟು. ಅವು ಮಾಡಿದವನ ಗುರುತೋ, ಸತ್ತವನ ಮನೆತನದ ಗುರುತೋ, ಹೇಳುವವರು ಯಾರೂ ಉಳಿದಿಲ್ಲ.

ಆ ಕಪ್ಪು-ಕೆಂಪು ಮಡಕೆ ಒಂದು ಕೈಚಳಕ. ಒಳಮೈ ಮತ್ತು ಕಂಠ ಕಪ್ಪು, ಹೊರಗಿನ ಒಡಲು ಕೆಂಪು. ಬೋರಲು ಹಾಕಿ ಸುಟ್ಟರೆ ಗಾಳಿ ಸಿಗದ ಭಾಗ ಕಪ್ಪಾಗುತ್ತದೆ, ಗಾಳಿ ತಾಗಿದ ಭಾಗ ಕೆಂಪಾಗುತ್ತದೆ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಬಣ್ಣವಿಲ್ಲದೆ ಬಣ್ಣ ಕಟ್ಟುವ ವಿದ್ಯೆ. ಅದನ್ನು ಉಜ್ಜಿ ಹೊಳಪು ಕೊಟ್ಟು, ಸತ್ತವರ ಮೂಳೆಗಳ ಜೊತೆ ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿಬಿಡುತ್ತಿದ್ದರು.

ಕುಂಬಾರರಿಗೆ ಸಂಘ ಎಂಬುದು ಇತ್ತೆ? ಇತ್ತು. ಶ್ರೇಣಿ ಎಂದು ಅದರ ಹೆಸರು. ಅದರ ಲಿಖಿತ ಸಾಕ್ಷಿ ಇರುವುದು ನಾಸಿಕದ ಗುಹೆಯಲ್ಲಿ. ಮೂರನೇ ಶತಮಾನದ ಅಭೀರ ರಾಜ ಈಶ್ವರಸೇನನ ಒಂಬತ್ತನೇ ವರ್ಷದಲ್ಲಿ ವಿಷ್ಣುದತ್ತೆ ಎಂಬ ಉಪಾಸಿಕೆ, ಶಕರ ಮನೆಯ ಹೆಣ್ಣುಮಗಳು, ಕಾಯಿಲೆ ಬಿದ್ದ ಭಿಕ್ಷುಗಳ ಔಷಧಿಗೆಂದು ಹಣ ಕಟ್ಟಿಟ್ಟಳು. ಅಸಲು ಮುಟ್ಟಬಾರದು, ಬಡ್ಡಿಯಲ್ಲಿ ಖರ್ಚು ನಡೆಯಬೇಕು. ಅಕ್ಷಯನೀವಿ ಎಂದು ಅದಕ್ಕೆ ಹೆಸರು. ಹಣ ಇಟ್ಟದ್ದು ಯಾರ ಕೈಯಲ್ಲಿ? ‘ಕುಲರಿಕ’ ಶ್ರೇಣಿಯ ಕೈಯಲ್ಲಿ ಒಂದು ಸಾವಿರ ಕಾರ್ಷಾಪಣ, ನೀರೆತ್ತುವ ಯಂತ್ರದವರ ಕೈಯಲ್ಲಿ ಎರಡು ಸಾವಿರ, ಇನ್ನಷ್ಟು ಗಾಣದವರಲ್ಲಿ. ಕುಲರಿಕರೆಂದರೆ ಕುಂಬಾರರು ಎಂದು ಪಂಡಿತರು ಅರ್ಥ ಹೇಳಿದ್ದಾರೆ. ಅದೇ ನಾಸಿಕದಲ್ಲಿ ಇನ್ನೂ ಮುಂಚಿನ ಒಂದು ಶಾಸನದಲ್ಲಿ ನೇಕಾರರ ಶ್ರೇಣಿ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಒಪ್ಪಿಕೊಂಡ ಲೆಕ್ಕವಿದೆ.

ನಾಸಿಕಕ್ಕೂ ದುರ್ಗಕ್ಕೂ ಏನು ನಂಟು ಎನ್ನಬಹುದು. ಚಂದ್ರವಳ್ಳಿಯ ಮಯೂರಶರ್ಮನ ಶಾಸನದಲ್ಲಿ ಅವನು ಸೋಲಿಸಿದವರ ಪಟ್ಟಿ ಇದೆ, ಅದರಲ್ಲಿ ಪಲ್ಲವರ ಜೊತೆಗೆ ಅಭೀರರೂ ಇದ್ದಾರೆ. ಆ ಓದಿನ ಬಗ್ಗೆ ವಿದ್ವಾಂಸರಲ್ಲಿ ತಕರಾರಿದೆ, ಇರಲಿ. ಶಾತವಾಹನರ ಕಾಲದಿಂದ ನಾಸಿಕದ ಬೆಟ್ಟಕ್ಕೂ ಚಂದ್ರವಳ್ಳಿಯ ಕಣಿವೆಗೂ ಒಂದೇ ಲಿಪಿ, ಒಂದೇ ವ್ಯಾಪಾರದ ದಾರಿ ಎಂಬುದಕ್ಕಂತೂ ತಕರಾರಿಲ್ಲ. ಇನ್ನೊಂದು ಸಂಗತಿ: ಮಯೂರಶರ್ಮನ ಶಾಸನ ಗೆಲುವಿನ ಪಟ್ಟಿಗಿಂತ ಮೊದಲು ಹೇಳುವುದು ಅವನು ಕಟ್ಟಿಸಿದ ಕೆರೆಯನ್ನು. ಕೆರೆ ಎಂದರೆ ರೈತನಿಗೆ ನೀರು, ಕುಂಬಾರನಿಗೆ ಗೋಡುಮಣ್ಣು. ಹೊಳಲ್ಕೆರೆ ತನ್ನ ಹೆಸರಿನಲ್ಲೇ ಕೆರೆ ಕಟ್ಟಿಕೊಂಡಿದೆ. ಹಿರಿಯೂರಿನ ಕಡೆ ಮಾರಿಕಣಿವೆಯ ಅಣೆಕಟ್ಟು ಕಟ್ಟುವ ಮೊದಲು ವೇದಾವತಿ ತನ್ನಷ್ಟಕ್ಕೆ ತಂದು ಹಾಕುತ್ತಿದ್ದ ಮೆಕ್ಕಲು ಇತ್ತು. ಮಳೆ ಕಡಿಮೆಯ ಈ ಸೀಮೆಯಲ್ಲಿ ಕೆರೆ ಬತ್ತಿದರೆ ರೈತ ಅಳುತ್ತಿದ್ದ, ಕುಂಬಾರ ಗುದ್ದಲಿ ಹಿಡಿದು ಇಳಿಯುತ್ತಿದ್ದ.

ಶ್ರೇಣಿಯ ಶಾಸನದಲ್ಲಿ ನಾನು ಹುಡುಕುವ ಒಂದು ಮಾತು ಇಲ್ಲ. ಅಸಲು ಇದೆ, ಬಡ್ಡಿ ಇದೆ, ನಂಬಿಕೆ ಇದೆ. ಊರಿನ ಹೆಂಗಸೊಬ್ಬಳು ಸಾವಿರ ಕಾರ್ಷಾಪಣವನ್ನು ಕುಂಬಾರರ ಕೈಗೆ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುವಷ್ಟು ಅವರ ಮಾತಿಗೆ ತೂಕವಿತ್ತು. ಆದರೆ ಒಳ್ಳೆಯ ಮಡಕೆ ಯಾವುದು, ಚೆಂದದ ಗೆರೆ ಯಾರದು ಎಂಬುದು ಅಲ್ಲಿಲ್ಲ. ಸಂಘ ಎಂದರೆ ಹಣದ ಗಂಟು, ಕಲೆ ಅದರ ಆಚೆ. ಮುಂದೆಯೂ ಹೆಚ್ಚು ಕಡಿಮೆ ಹೀಗೆಯೇ ನಡೆದುಬಂತು.

ಶ್ರೇಣಿಗಳು ಹೋಗಿ ಹಳ್ಳಿಯ ಆಯಗಾರಿಕೆ ಬಂತು. ಕಮ್ಮಾರ, ಬಡಗಿ, ಅಗಸ, ತಳವಾರರ ಸಾಲಿನಲ್ಲಿ ಕುಂಬಾರನೂ ಒಬ್ಬ ಆಯಗಾರ. ವರ್ಷವಿಡೀ ಮನೆಮನೆಗೆ ಗಡಿಗೆ, ಹರವಿ, ಕುಡಿಕೆ, ಬಾನಿ ಕೊಡಬೇಕು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿ-ಜೋಳ ಅಳಿಸಿಕೊಳ್ಳಬೇಕು. ಇಲ್ಲೂ ಚೆಂದದ ಗಡಿಗೆಗೆ ಒಂದು ಸೇರು ಹೆಚ್ಚು ಇಲ್ಲ. ಹಾಗಿದ್ದರೆ ಗೆರೆ ಎಳೆಯುವವರು ಯಾರು, ಯಾಕೆ?

ಉತ್ತರ ಮದುವೆ ಮನೆಯಲ್ಲಿದೆ. ದುರ್ಗದ ಸೀಮೆಯಲ್ಲಿ ಐರಣೆ ಎನ್ನುತ್ತಾರೆ, ತೆಂಕಣ ಕಡೆ ಅರಿವೇಣಿ. ಮದುವೆಗೆ ಮುಂಚೆ ಮನೆಯ ಮುತ್ತೈದೆಯರು ವಾದ್ಯ ಸಮೇತ ಕುಂಬಾರರ ಮನೆಗೆ ಹೋಗುತ್ತಾರೆ. ಅಕ್ಕಿ, ಬೆಲ್ಲ, ಎಲೆ-ಅಡಿಕೆ, ಕಣದ ಬಟ್ಟೆ ಕೊಟ್ಟು, ತಿಗರಿಗೆ ಪೂಜೆ ಮಾಡಿ, ಬಣ್ಣ ಬರೆದ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ತರುತ್ತಾರೆ. ಗಡಿಗೆ ಕೆಮ್ಮಣ್ಣಿನ ಬಣ್ಣದ್ದು. ಅದರ ಮೇಲೆ ಸುಣ್ಣದ ಗೆರೆ, ಸುಣ್ಣದ ಚುಕ್ಕಿ. ನೆಟ್ಟಗೆ ಕೆಲವು, ಬಾಗಿ ಕೆಲವು, ಒಂದನ್ನೊಂದು ಅಡ್ಡ ಹಾಯ್ದು ಕೆಲವು.

ಚಂದ್ರವಳ್ಳಿಯ ಬೋಕಿಯನ್ನೂ ಐರಣೆ ಗಡಿಗೆಯನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಒಂದು ಕ್ಷಣ ಮೈ ಜುಮ್ಮೆನ್ನುತ್ತದೆ. ಎರಡು ಸಾವಿರ ವರ್ಷ ಒಂದೇ ಕೈ ಎಳೆದಂತೆ! ಆದರೆ ಹಾಗೆ ಹೇಳಿಬಿಡುವುದು ಅವಸರ. ನಡುವಣ ಶತಮಾನಗಳ ಗಡಿಗೆಗಳನ್ನು ಒಂದಕ್ಕೊಂದು ಜೋಡಿಸಿ ಯಾರೂ ಸರಪಳಿ ಕಟ್ಟಿಲ್ಲ. ಕೆಂಪು ಮಣ್ಣು, ಬಿಳಿ ಸುಣ್ಣ, ಒಂದು ಬೆರಳು ಇಷ್ಟೇ ಇದ್ದಾಗ ಯಾವ ಕಾಲದವರೂ ಇದನ್ನೇ ಎಳೆದಾರು. ಸುಟ್ಟ ಮೇಲೆ ಸುಣ್ಣ ಬಳಿಯುವುದು ಬೇರೆ, ಸುಡುವ ಮೊದಲು ಬಿಳಿ ಮಣ್ಣು ಎಳೆದು ಲೇಪ ಕೊಡುವುದು ಬೇರೆ ವಿದ್ಯೆ. ನಾನು ಹೇಳುವುದು ಇಷ್ಟೇ: ಕುಂಬಾರನಿಗೆ ಗೆರೆ ಎಳೆಯಲು ಕಾರಣ ಕೊಟ್ಟದ್ದು ಅವನ ಸಂಘವೂ ಅಲ್ಲ, ಸಂತೆಯೂ ಅಲ್ಲ, ಬೇರೆಯವರ ಮನೆಯ ಶುಭಕಾರ್ಯ. ಅಲ್ಲಿ ಅವನಿಗೆ ಆಯ ಅಲ್ಲ, ಉಡುಗೊರೆ. ಅಳೆಯುವುದಿಲ್ಲ, ಮಡಿಲಿಗೆ ಹಾಕುತ್ತಾರೆ. ‘ಅವನಿಗೆ’ ಎಂದೆ, ತಪ್ಪು. ತಿಗರಿ ಗಂಡಸಿನದಾದರೂ ಬಣ್ಣ-ಗೆರೆಯ ಕೆಲಸ ಎಷ್ಟೋ ಕುಂಬಾರ ಮನೆಗಳಲ್ಲಿ ಹೆಂಗಸರದು.

ಕನ್ನಡದಲ್ಲಿ ಕುಂಬಾರನ ಕಲೆಯನ್ನು ಹಾಡಿದವನು ಹರಿಹರ. ಅವನ ಕುಂಬಾರ ಗುಂಡಯ್ಯನ ರಗಳೆಯಲ್ಲಿ ಗುಂಡಯ್ಯ ಮಡಕೆ ಬಾರಿಸುತ್ತಾನೆ, ಆ ನಾದಕ್ಕೆ ಶಿವ ಇಳಿದು ಬಂದು ಕುಣಿಯುತ್ತಾನೆ. ಭಕ್ತಿಯ ಕಥೆ ಎಂದು ಓದಿ ಮುಂದೆ ಹೋಗುತ್ತೇವೆ. ಕುಂಬಾರರ ಅಂಗಳದಲ್ಲಿ ನಿಂತವರಿಗೆ ಅದು ದಿನದ ಕೆಲಸ. ಆವಿಗೆಯಿಂದ ತೆಗೆದ ಪ್ರತಿ ಮಡಕೆಯನ್ನೂ ಬೆರಳಗಂಟಿನಿಂದ ತಟ್ಟಿ ನೋಡಬೇಕು. ಟಣ್ ಎಂದರೆ ಗಟ್ಟಿ, ಬೊದ್ ಎಂದರೆ ಎಲ್ಲೋ ಬಿರುಕು. ಗಿರಾಕಿಯೂ ತಟ್ಟಿಯೇ ಕೊಳ್ಳುತ್ತಾನೆ. ಹರಿಹರ ಆ ಪರೀಕ್ಷೆಯನ್ನೇ ತಾಳ ಮಾಡಿದ. ಕಸುಬಿನ ನಡುವಿನಿಂದಲೇ ಕಲೆ ಎದ್ದು ನಿಲ್ಲುವ ಇಂಥ ಚಿತ್ರ ಬೇರೆ ಕಡೆ ನನಗೆ ಸಿಕ್ಕಿಲ್ಲ. ಗುಂಡಯ್ಯನ ಹೆಂಡತಿ ಕೇತಲದೇವಿ ಸ್ವತಃ ವಚನ ಬರೆದವಳು.

ಗಡಿಗೆಗೆ ಗೆರೆ ಬಂತು, ಗಾಜಿನ ಮೆರುಗು ಮಾತ್ರ ಯಾಕೆ ಬರಲಿಲ್ಲ ಎಂದು ಕೇಳಬೇಕಾದರೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿಗೆ ಒಂದು ಗಳಿಗೆ ಹೋಗಿ ಬರಬೇಕು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಗಾಜಿನ ಬಳೆ ಮಾಡುವುದನ್ನು ನೋಡಿ ವಿವರವಾಗಿ ಬರೆದ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು, ಮೊದಲೆರಡಕ್ಕೆ ಗಿರಾಕಿ ಹೆಚ್ಚು. ಸವುಳು ಮಣ್ಣಿನಿಂದ ತೆಗೆದ ಕ್ಷಾರ, ಬಿಳಿ ಬೆಣಚುಕಲ್ಲಿನ ಪುಡಿ, ಬಣ್ಣಕ್ಕೆ ಲೋಹ, ಇವನ್ನು ಕುಲುಮೆಯಲ್ಲಿ ಕರಗಿಸಿದರೆ ಗಾಜು.

ಈಗ ಯೋಚಿಸಿ. ಕ್ಷಾರ, ಬೆಣಚುಕಲ್ಲು, ತಾಮ್ರ. ಇದನ್ನೇ ನುಣ್ಣಗೆ ಅರೆದು ಮಡಕೆಗೆ ಬಳಿದು ಸುಟ್ಟರೆ ಅದಕ್ಕೆ ಹೆಸರು ಮೆರುಗು. ಪರ್ಷಿಯಾದ ನೀಲಿ-ಹಸಿರು ಬೋಗುಣಿಗಳ ಗುಟ್ಟು ಇದೇ ಜಾತಿಯದು. ಒಂದೇ ತಾಲ್ಲೂಕಿನಲ್ಲಿ ಒಬ್ಬ ಗಾಜು ಕರಗಿಸುತ್ತಿದ್ದ, ಇನ್ನೊಬ್ಬ ಮಡಕೆ ಸುಡುತ್ತಿದ್ದ, ಇಬ್ಬರೂ ಒಂದೇ ಸಂತೆಗೆ ಬರುತ್ತಿದ್ದರು. ಆದರೂ ನಮ್ಮ ಕುಂಬಾರನ ಗಡಿಗೆಗೆ ಗಾಜಿನ ಮೈ ಬರಲಿಲ್ಲ. ಬಳೆಯವರ ಕುಲುಮೆ ಬಳೆಯವರದು, ಕುಂಬಾರರ ಆವಿಗೆ ಕುಂಬಾರರದು. ಕಸುಬಿನ ಕಟ್ಟು ಕಸುಬನ್ನು ಕಾಪಾಡಿತು, ಜೊತೆಗೆ ಬೇಲಿಯನ್ನೂ ಕಾಪಾಡಿತು ಎಂದೇ ನನಗೆ ಅನ್ನಿಸುತ್ತದೆ. ಕುಂಬಾರನ ಪರವಾಗಿಯೂ ಒಂದು ಮಾತು ಹೇಳಬೇಕು. ಹಿರಿಯೂರಿನ ಬೇಸಗೆಯಲ್ಲಿ ಹರವಿಯ ನೀರು ತಣ್ಣಗಿರುವುದು ಹರವಿ ಬೆವರುವುದರಿಂದ. ಗಾಜಿನ ಮೈ ಬಂದರೆ ಬೆವರು ನಿಲ್ಲುತ್ತದೆ. ಸೌದೆ, ಸಗಣಿ ಕುರುಳು ಒಟ್ಟಿದ ಆವಿಗೆಯ ಕಾವು ಗಾಜನ್ನು ಚೆನ್ನಾಗಿ ಹಿಡಿಸುವಷ್ಟು ಏರುವುದೂ ಕಷ್ಟ. ಬಳಿಯದೇ ಇದ್ದದ್ದು ಅಜ್ಞಾನವೇ ಎಂದು ತೀರ್ಮಾನಿಸಬೇಕಾಗಿಲ್ಲ.

ಹೊಸ ಕಾಲದ ಸಂಘದ ಕಥೆ ಅಮೆರಿಕದಲ್ಲಿ ಶುರುವಾಗುತ್ತದೆ. 1899ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಅಮೆರಿಕನ್ ಸೆರಾಮಿಕ್ ಸೊಸೈಟಿ ಹುಟ್ಟಿತು. ಮುಂದಾಳು ಎಡ್ವರ್ಡ್ ಆರ್ಟನ್, ಕುಲುಮೆಯ ಕಾವು ಅಳೆಯಲು ಕರಗಿ ಬಾಗುವ ಪುಟ್ಟ ಮಣ್ಣಿನ ಶಂಕುಗಳನ್ನು 1896ರಿಂದ ಮಾಡಿ ಮಾರುತ್ತಿದ್ದವನು. ಇಟ್ಟಿಗೆ, ಚರಂಡಿ ಕೊಳವೆ, ಹೆಂಚಿನವರ ಕೂಟ ಅದು. ಕಣ್ಣಂದಾಜಿನ ಕಸುಬಿಗೆ ರಸಾಯನಶಾಸ್ತ್ರದ ಅಡಿಪಾಯ ಹಾಕುವುದು ಉದ್ದೇಶ. ಆದರೆ ಸ್ಥಾಪಕ ಸದಸ್ಯರಲ್ಲಿ ಚಾರ್ಲ್ಸ್ ಫರ್ಗಸ್ ಬಿನ್ಸ್ ಕೂಡ ಇದ್ದ. ಇಂಗ್ಲೆಂಡಿನ ವೂಸ್ಟರ್ ಪಿಂಗಾಣಿ ಕಾರ್ಖಾನೆಯ ಮನೆಯಲ್ಲಿ ಬೆಳೆದವನು, ಒಳ್ಳೆಯ ರಸಾಯನ ಬಲ್ಲವನು, ಒಳ್ಳೆಯ ಕುಂಬಾರನೂ ಹೌದು. ಮೊದಲ ಮಹಾಯುದ್ಧ ಮುಗಿದ ಮೇಲೆ ಸೊಸೈಟಿ ಕಸುಬುವಾರು ವಿಭಾಗಗಳಾಗಿ ಒಡೆದುಕೊಂಡಾಗ ಗಾಜು, ಎನಾಮೆಲ್, ಬೆಂಕಿಇಟ್ಟಿಗೆಗಳ ಪಕ್ಕದಲ್ಲಿ ಕಲೆಗೂ ಒಂದು ವಿಭಾಗ ಸಿಕ್ಕಿತು. ಫ್ರೆಡರಿಕ್ ರೆಡ್‌ನಂಥ ವಿನ್ಯಾಸಕಾರರು ಅದನ್ನು ನಡೆಸಿದರು. ಕುಂಬಾರರ ಸಂಘದ ಲೆಕ್ಕಪುಸ್ತಕದಲ್ಲಿ ಕಲೆ ತನ್ನದೇ ಹೆಸರಿನ ಪುಟ ಪಡೆದದ್ದು ಆಗ. ಆ ಕೂಡುಬಾಳ್ವೆ ಬಹಳ ಕಾಲ ನಡೆಯಲಿಲ್ಲ. ಸೊಸೈಟಿಯ ಒಳಗೇ ಕಲೆ ಕಲಿಸುವ ಅಧ್ಯಾಪಕರು ಸೇರಿಕೊಂಡು, 1966ರಲ್ಲಿ ಹೊರಬಂದು ತಮ್ಮದೇ ಮಂಡಳಿ ಕಟ್ಟಿಕೊಂಡರು. ರಾಕೆಟ್ಟಿನ ಮೂತಿಗೆ ಶಾಖ ತಡೆಯುವ ಹೆಂಚು ಮಾಡುವವರಿಗೂ ಹೂಜಿ ಮಾಡುವವರಿಗೂ ಒಂದೇ ಪಂಕ್ತಿಯಲ್ಲಿ ಊಟ ಕಷ್ಟವಾಗಿತ್ತು. ಒಡೆದ ಅಣ್ಣತಮ್ಮಂದಿರ ಹಾಗೆ, ಮುಂದೆ ಅದೇ ಸೊಸೈಟಿ ಕುಂಬಾರ ಕಲೆಯ ಮಾಸಪತ್ರಿಕೆಯೊಂದನ್ನು ಕೊಂಡು ನಡೆಸತೊಡಗಿತು.

ನಮ್ಮಲ್ಲಿ ಇಂಡಿಯನ್ ಸೆರಾಮಿಕ್ ಸೊಸೈಟಿ ಹುಟ್ಟಿದ್ದು 1928ರಲ್ಲಿ. ಆ ಹೊತ್ತಿಗೆ ಮೈಸೂರು ಸಂಸ್ಥಾನಕ್ಕೆ ಪಿಂಗಾಣಿಯ ಹಸಿವು ಹತ್ತಿತ್ತು, ಕಾರಣ ಊಟದ ತಟ್ಟೆ ಅಲ್ಲ, ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದ ಮೇಲೆ ಕಂಬ ಕಂಬಕ್ಕೂ ಪಿಂಗಾಣಿಯ ಬುಗುರಿಯಂಥ ಇನ್ಸುಲೇಟರ್ ಬೇಕಾಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಪೋರ್ಸಲೇನ್ ಕಾರ್ಖಾನೆ ಎದ್ದಿತು. ಮುಂದೆ ಅದು ಮೈಸೂರು ಪೋರ್ಸಲೇನ್ಸ್ ಆಗಿ, 1976ರಲ್ಲಿ ಬಿಎಚ್ಇಎಲ್‌ನ ತೆಕ್ಕೆಗೆ ಹೋಯಿತು. ನಾಡಿನ ಮಣ್ಣಿನ ವಿದ್ಯೆ ವಿಜ್ಞಾನ ಸಂಸ್ಥೆಯ ನೆರೆಹೊರೆಗೆ ಬಂದು ಕೂತಿತು. ಹೊಸದುರ್ಗದ ಕುಂಬಾರನಿಗೆ ಅಲ್ಲಿ ಕೆಲಸವಿರಲಿಲ್ಲ, ಅವನ ಕೆಂಪು ಮಣ್ಣಿಗೂ ಕೆಲಸವಿರಲಿಲ್ಲ. ಹಳ್ಳಿಯ ಕುಂಬಾರನ ಕಡೆ ತಿರುಗಿ ನೋಡಿದ್ದು ಖಾದಿ ಗ್ರಾಮೋದ್ಯೋಗದವರು, ಬೆಳಗಾವಿ ಜಿಲ್ಲೆಯ ಖಾನಾಪುರದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯ ಮೂಲಕ. ಅಲ್ಲಿ ಗಾಜಿನ ಮೆರುಗು ಹಚ್ಚುವುದನ್ನೂ ಕಲಿಸಿದರು. ಮತ್ತೋಡಿನ ಕುಲುಮೆಗೂ ಹಳ್ಳಿಯ ಆವಿಗೆಗೂ ನಡುವಣ ಬೇಲಿ ಕಿತ್ತದ್ದು ಹೀಗೆ, ತಡವಾಗಿ. ಆ ಹೊತ್ತಿಗೆ ಅಡುಗೆಮನೆಗೆ ಅಲ್ಯೂಮಿನಿಯಂ ಬಂದಿತ್ತು, ಅದರ ಬೆನ್ನಿಗೇ ಸ್ಟೀಲು, ಪ್ಲಾಸ್ಟಿಕ್ ಕೊಡ.

ಈಗ ನಾಡಿನ ಉದ್ದಕ್ಕೂ ಕುಂಬಾರ ಸಂಘಗಳಿವೆ. ಪ್ರತಿ ಫೆಬ್ರವರಿ 20ಕ್ಕೆ ಸರ್ವಜ್ಞ ಜಯಂತಿ. ಕುಂಬಾರ ಮಾಳಿಯ ಮಗ ಎಂದು ಜನ ನಂಬಿರುವ ಆ ಕವಿಯ ಪಟವನ್ನು ಅಲಂಕರಿಸಿ, ಮೆರವಣಿಗೆ ಮಾಡಿ, ಸಭಾಭವನದಲ್ಲಿ ಭಾಷಣ. ಮೀಸಲಾತಿ, ನಿವೇಶನ, ಮಣ್ಣು ತೆಗೆಯುವ ಪರವಾನಗಿ, ವಿದ್ಯಾರ್ಥಿ ವೇತನ, ಇವು ಬೇಡಿಕೆಗಳು. ನ್ಯಾಯವಾದವೇ. ಹಣದ ಲೆಕ್ಕ ಹಿಡಿದ ನಾಸಿಕದ ಶ್ರೇಣಿಯವರು ಬಂದು ಕೂತರೂ ಅವರಿಗೆ ಸಭೆ ಅರ್ಥವಾದೀತು. ಆದರೆ ಒಂದು ವ್ಯತ್ಯಾಸ ಅವರ ಕಣ್ಣಿಗೆ ಬಿದ್ದೀತು: ಸಂಘದ ವೇದಿಕೆಯ ಮೇಲೆ ಹೂಹಾರ ಹಾಕಿಸಿಕೊಂಡು ಕೂತವನು ಒಬ್ಬ ಕವಿ. ಗಡಿಗೆ ಒಂದೂ ಇಲ್ಲ. ಕುಂಬಾರ ಸಮುದಾಯ ತನ್ನ ಕಲೆಯ ಹೆಮ್ಮೆಯನ್ನು ಮಣ್ಣಿನಿಂದ ಎತ್ತಿ ಮಾತಿಗೆ ವರ್ಗಾಯಿಸಿಕೊಂಡಿದೆ. ಮಣ್ಣು ಮುಟ್ಟಿದ ಕೈಗೆ ಊರು ಕೊಟ್ಟ ಮರ್ಯಾದೆ ನೆನೆದರೆ ಅದರಲ್ಲಿ ಆಶ್ಚರ್ಯವಿಲ್ಲ.

2018ರಿಂದ ಖಾದಿ ಆಯೋಗ ವಿದ್ಯುತ್ ತಿಗರಿ ಹಂಚುತ್ತಿದೆ. ಕೋಲು ಹಾಕಿ ಬೀಸುವ ಕಷ್ಟ ತಪ್ಪಿದೆ, ಬೆನ್ನು ನೋವು ಕಡಿಮೆ, ದಿನಕ್ಕೆ ಹಣತೆ ಹೆಚ್ಚು. ದೀಪಾವಳಿಗೆ ಹಣತೆ, ಬೇಸಗೆಗೆ ನಲ್ಲಿ ಕೂರಿಸಿದ ನೀರಿನ ಹೂಜಿ, ಟೀ ಅಂಗಡಿಗೆ ಕುಡಿಕೆ.

ಐರಣೆ ಇನ್ನೂ ನಿಂತಿಲ್ಲ. ಮದುವೆ ಕಲ್ಯಾಣಮಂಟಪಕ್ಕೆ ಹೋದರೂ ಗಡಿಗೆ ಬೇಕು. ಕುಂಬಾರರ ಮನೆಗೆ ವಾದ್ಯದ ಜೊತೆ ನಡೆದುಹೋಗುವವರು ಕಡಿಮೆ, ಪೇಟೆಯ ಅಂಗಡಿಯಿಂದ ತಂದು ಮಂಟಪದ ಮೂಲೆಯಲ್ಲಿಟ್ಟು ಶಾಸ್ತ್ರ ಮುಗಿಸುವವರು ಹೆಚ್ಚು. ಅಂಗಡಿಯ ಗಡಿಗೆ ಎನಾಮೆಲ್ ಬಣ್ಣದ್ದು: ಕಡುಗೆಂಪು ಮೈ, ಹಳದಿ ಅಂಚು, ಮಿಂಚುವ ಪುಡಿ, ಒಮ್ಮೊಮ್ಮೆ ಹುಡುಗ-ಹುಡುಗಿಯ ಹೆಸರು ಸಹ. ಅದನ್ನು ಕೊಳ್ಳುವ ಅಜ್ಜಿ ಮೊದಲು ಬೆರಳಗಂಟಿನಿಂದ ಒಮ್ಮೆ ತಟ್ಟುತ್ತಾಳೆ. ಟಣ್ ಎಂದರೆ, ಆಮೇಲೆ ತಿರುಗಿಸಿ ನೋಡುತ್ತಾಳೆ, ಬಿಳಿ ಗೆರೆ ಇದೆಯೋ ಇಲ್ಲವೋ ಎಂದು. ಇಲ್ಲದಿದ್ದರೆ ಮನೆಗೆ ತಂದು ಸುಣ್ಣದಲ್ಲಿ ಬೆರಳದ್ದಿ ತಾನೇ ಎಳೆಯುತ್ತಾಳೆ.